ಸೋಮವಾರ ಬೆಳಗಿನ ಬಿಳಿ ಚೌಕಗಳು

ನಾನು ಏನು ಕೆಲಸ ಮಾಡುತ್ತೇನೆ ಎಂದು ನೆಂಟರು ಕೇಳಿದರೆ ನಮ್ಮಮ್ಮ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. "ಅವ್ಳಾ? ಆಫೀಸ್ನಲ್ಲಿ ಎಲ್ರ ಕೈಲೂ ಬೈಸ್ಕೊಳ್ಳೋ ಕೆಲ್ಸ." ಅದೇನೂ ಸುಳ್ಳಲ್ಲ. ಯಶವಂತಪುರದಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿ ನಾನಿದ್ದೇನೆ. ಕೆಳಗೆ ಗೋಡೌನು, ನಡುವೆ ಆಫೀಸು, ಮೇಲೆ ಮಾಲೀಕರ ಕೋಣೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಹೆಣೆದ ಜಾಲವನ್ನು ನೋಡಿಕೊಳ್ಳುವವಳು ನಾನು. ಯಾರು ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಆಗಬಹುದು, ಒಳಗೆ ಬಂದವರು ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂದು ಗೆರೆ ಎಳೆಯುವುದು ನನ್ನ ಪಾಲಿಗೆ ಬಂದದ್ದು. ಎಲ್ಲ ಸರಿಯಾಗಿ ನಡೆಯುವ ದಿನ ನಾನು ಇದ್ದೇನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಏನಾದರೂ ಕೆಟ್ಟ ದಿನ ಮಾತ್ರ ನನ್ನ ಹೆಸರು ಮೂರು ಮಹಡಿಗೂ ಕೇಳಿಸುತ್ತದೆ.

ಈ ಕೆಲಸಕ್ಕೆ ಬೇಕಾದ ಬಿಗಿ ಅಪ್ಪನಿಂದ ಬಂದದ್ದು. ನಾನು ಬೆಳೆದದ್ದು ಜಾಲಹಳ್ಳಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದ. ಮನೆಯಲ್ಲೇ ಮರೆತು ಹೋದ ಊಟದ ಡಬ್ಬಿ ಕೊಡಲು ಹೋದರೆ, ಹೆತ್ತ ಮಗಳನ್ನೇ ಹಳದಿ ಗೆರೆಯ ಆಚೆ ನಿಲ್ಲಿಸಿ, ಕೈ ಮಾತ್ರ ಚಾಚಿ ಡಬ್ಬಿ ತೆಗೆದುಕೊಳ್ಳುತ್ತಿದ್ದ ಮನುಷ್ಯ. "ಪಾಸ್ ಇಲ್ದೆ ಬರಂಗಿಲ್ಲ ಕಣಮ್ಮ," ಎಂದು ನಗುತ್ತಿದ್ದ. ಅವನ ನಿಯಮ ನನಗೆ ಪೂರ್ತಿ ಬಂತು, ನಗು ಅಷ್ಟಾಗಿ ಬರಲಿಲ್ಲ. ಕೋಪವಂತೂ ನನಗೆ ಮೂಗಿನ ತುದಿಯಲ್ಲೇ.

ಆ ಕೋಪಕ್ಕೆ ದಿನಾ ತುಪ್ಪ ಸುರಿಯುತ್ತಿದ್ದದ್ದು ನಮ್ಮ ಆರ್ಡರ್ ವಿಭಾಗ. ಅಂಗಡಿಗಳಿಂದ ಬರುವ ಬೇಡಿಕೆಗಳನ್ನು ಕಂಪ್ಯೂಟರಿಗೆ ತುಂಬುವುದು ಅಲ್ಲಿಯವರ ಕೆಲಸ. ಒಟ್ಟು ನಾಲ್ಕು ಜನ. ನಿವೃತ್ತಿಗೆ ಹತ್ತಿರವಿದ್ದ, ಫೋನಿನಲ್ಲಿ ಮಾತಾಡುವಾಗಲೂ ಗಿರಾಕಿಗೆ ಕೈಮುಗಿಯುವ ಒಬ್ಬ ಹಿರಿಯರು. ಯಲಹಂಕದಿಂದ ಬುಲೆಟ್ಟಿನಲ್ಲಿ ಬಂದು, ಮಾಲೀಕರೊಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ 'ಗುರು' ಎನ್ನುವ ಒಬ್ಬ. ಆರ್.ಟಿ. ನಗರದಿಂದ ಬರುವ, ಮನೆಯಲ್ಲಿ ಉರ್ದು ಆಡಿದರೂ ನಮ್ಮೆಲ್ಲರ ಕನ್ನಡ ಪತ್ರಗಳನ್ನು ತಿದ್ದಿ ಕೊಡುವ ಒಬ್ಬ ಮಹಿಳೆ. ನಾಲ್ಕನೆಯವಳು ಕೆಂಪಾಪುರದಾಕೆ. ನಾನು ಹೇಳಹೊರಟಿರುವುದು ಅವಳ ವಿಷಯ.

ಈ ನಾಲ್ವರಿಗೂ ಸೇರಿ ಲಾಗಿನ್ ಒಂದೇ. ಅದರ ಹೆಸರು 'ಆರ್ಡರ್'. ಬೆಳಿಗ್ಗೆ ಮೊದಲು ಬಂದವರು ನಾಲ್ಕೂ ಕಂಪ್ಯೂಟರುಗಳನ್ನು ಆ ಹೆಸರಿನಲ್ಲಿ ತೆರೆದಿಡುತ್ತಿದ್ದರು, ಸಂಜೆ ಕೊನೆಗೆ ಹೋಗುವವರು ಮುಚ್ಚುತ್ತಿದ್ದರು. ಮಾಲೀಕರ ಕೋಣೆಯ ಪರದೆಯಲ್ಲಿ ಯಾರ್‍ಯಾರು ಕೆಲಸದಲ್ಲಿದ್ದಾರೆಂದು ತೋರಿಸುವ ಹಸಿರು ಚುಕ್ಕಿಗಳಿವೆ. 'ಆರ್ಡರ್' ಎದುರಿನ ಚುಕ್ಕಿ ಹಸಿರಾದರೆ ವಿಭಾಗ ಬಂದಾಯಿತು ಎಂದು ಲೆಕ್ಕ. ನಾಲ್ವರಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎನ್ನುವುದನ್ನು ಆ ಚುಕ್ಕಿ ಹೇಳುತ್ತಿರಲಿಲ್ಲ.

ಅದರ ಪಾಸ್‌ವರ್ಡಿನದು ಇನ್ನೊಂದು ಪುರಾಣ. ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಗೋಡೌನಿನಲ್ಲಿ ಎಲೆ ಹಾಕಿ ಊಟ ಬಡಿಸುತ್ತಾರೆ. ಆವತ್ತಿನ ಊಟದಲ್ಲಿ ಯಾವುದು ಹೆಚ್ಚು ರುಚಿಯಾಗಿತ್ತೋ ಅದರ ಹೆಸರೇ ಮುಂದಿನ ವರ್ಷದ ಪಾಸ್‌ವರ್ಡ್. ಎಲೆ ಮುಂದೆ ಕೂತೇ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು. ಒಂದು ವರ್ಷ ಪುಳಿಯೋಗರೆ, ಮರುವರ್ಷ ಬಾದಾಮಿ ಪೂರಿ. ಹೊಸದಾಗಿ ಸೇರಿದವರು ಯಾರಾದರೂ ಪಾಸ್‌ವರ್ಡ್ ಏನು ಎಂದು ಕೂಗಿ ಕೇಳಿದರೆ, ಮೂರು ಮೂಲೆಯಿಂದಲೂ ಉತ್ತರ ಬರುತ್ತಿತ್ತು. ಎದುರಿನ ದರ್ಶಿನಿ ಹೋಟೆಲಿನವನಿಗೂ ಅದು ಗೊತ್ತಿತ್ತು. ಒಮ್ಮೆ ನಾನು ರೇಗಿ, ಅರ್ಥವಿಲ್ಲದ ಅಕ್ಷರ ಅಂಕಿಗಳನ್ನೆಲ್ಲ ಕಲಸಿ ಒಂದು ಪಾಸ್‌ವರ್ಡ್ ಕಟ್ಟಿದೆ. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ದೇವರ ಪಟದ ಕೆಳಗೆ ಅಂಟಿಸಿ, ದಿನಾ ಊದುಬತ್ತಿ ಹಚ್ಚುತ್ತಿದ್ದರು.

ಒಂದು ಸೋಮವಾರ ಇದೆಲ್ಲ ತಲೆಕೆಳಗಾಯಿತು. ನಾಗಸಂದ್ರದಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರ ಅಂಗಡಿಯಿದೆ. ವಾರಕ್ಕೆ ಬೇಕಾದ ಸಾಮಾನು ಏನೇನೆಂದು ಸೋಮವಾರ ಬೆಳಿಗ್ಗೆ ನಮ್ಮ ಆರ್ಡರ್ ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅದನ್ನು ತುಂಬಬೇಕಾದವಳು ಕೆಂಪಾಪುರದಾಕೆ. ಆ ದಿನ ಸಂಜೆ ಆ ಅಂಗಡಿಯ ಮುಂದೆ ನಮ್ಮ ಲಾರಿ ನಿಂತು ಸಾಮಾನು ಇಳಿಸಿತು. ಆಮೇಲೆ ಮತ್ತೆ ಅದೇ ಸಾಮಾನು ಇಳಿಸಿತು. ಆಮೇಲೆ ಮತ್ತೊಮ್ಮೆ. ಅಂಗಡಿಯವರು ಮಾಲೀಕರಿಗೆ ಫೋನ್ ಮಾಡಿ, "ಏನ್ ಸ್ವಾಮಿ, ನಮ್ಮ ಅಂಗ್ಡೀನ ಗೋಡೌನ್ ಮಾಡ್ಕೊಂಡ್ರಾ?" ಎಂದರಂತೆ.

ಮರುದಿನ ಬೆಳಿಗ್ಗೆ ನನಗೆ ಮೇಲಿನಿಂದ ಕರೆ ಬಂತು. ಮಾಲೀಕರು ವಯಸ್ಸಾದವರು, ಮಾತು ಕಡಿಮೆ, ಆಡಿದ್ದು ಖಾರ. ಹಿಂದೊಬ್ಬರು ಬೆಳಿಗ್ಗೆ ಸ್ವಲ್ಪ ತಡವಾಗಿ ಬರಬಹುದೇ ಎಂದು ಕೇಳಿದ್ದಕ್ಕೆ, "ಹಾಗಾದ್ರೆ ಬರ್ಲೇಬೇಡಿ," ಎಂದು ಆವತ್ತೇ ಲೆಕ್ಕ ಮುಗಿಸಿ ಕಳಿಸಿದವರು.

"ಯಾರು ಮಾಡಿದ್ದು?" ಎಂದರು.

"ಆರ್ಡರ್ ಮಾಡಿದ್ದು ಸರ್."

"ಆರ್ಡರ್ ಅಂದ್ರೆ ಯಾರು?"

"ನಾಲ್ಕೂ ಜನ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ತಿಂಗಳು ಶುರುವಾಗುವಷ್ಟರಲ್ಲಿ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಆಗಬೇಕು, ಆ 'ಆರ್ಡರ್' ಎಂಬ ಛತ್ರಕ್ಕೆ ಬೀಗ ಬೀಳಬೇಕು ಎಂದರು. ನನಗಂತೂ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಎಷ್ಟೋ ವರ್ಷದಿಂದ ನಾನು ಬೇಡುತ್ತಿದ್ದದ್ದು ಅದನ್ನೇ. ಸಾಮೂಹಿಕ ಲಾಗಿನ್ನನ್ನು ಪೂರ್ತಿ ಅಳಿಸುವಂತಿರಲಿಲ್ಲ, ಗೋಡೌನಿನ ಕಿಟಕಿಯ ಬಳಿಯ ಕಂಪ್ಯೂಟರಿನಲ್ಲಿ ಆರ್ಡರುಗಳನ್ನು ಸಾಮಾನು ಕಟ್ಟುವವರೆಲ್ಲರೂ ನೋಡಬೇಕಿತ್ತು. ಅದೊಂದೇ ಕಂಪ್ಯೂಟರಿನಲ್ಲಿ ಅದು ತೆರೆಯಲಿ, ಅದೂ ಬರಿಯ ನೋಡುವುದಕ್ಕೆ, ಒಂದಕ್ಷರ ಬರೆಯುವುದಕ್ಕಿಲ್ಲ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ಖುಷಿಯಾಗಿ ಮೆಟ್ಟಿಲಿಳಿದೆ.

ಆದರೆ ಮೂರು ಸಲ ಯಾರು ತುಂಬಿದರು ಎನ್ನುವುದು ನನ್ನನ್ನು ಕೊರೆಯುತ್ತಿತ್ತು. ಒಬ್ಬರು ಮೂರು ಸಲ ತುಂಬುವಷ್ಟು ಪೆದ್ದರು ಆ ವಿಭಾಗದಲ್ಲಿ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, "ನಾಗಸಂದ್ರದ್ದು ಯಾರು ಹಾಕಿದ್ರಿ?" ಎಂದು ಸುಮ್ಮನೆ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೂವರೂ ಒಟ್ಟಿಗೆ ಡಬ್ಬಿಯ ಮುಚ್ಚಳ ಹುಡುಕತೊಡಗಿದರು. ಕೆಂಪಾಪುರದಾಕೆ ಆಗ ಕೈ ತೊಳೆಯಲು ಹೋಗಿದ್ದಳು.

ಮೊದಲು ಬಂದವರು ಹಿರಿಯರು. ನೀರಿನ ಫಿಲ್ಟರಿನ ಬಳಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು. ಕೆಂಪಾಪುರದಾಕೆಯ ಅತ್ತೆಗೆ ಮೂತ್ರಪಿಂಡ ಕೈಕೊಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಜಾವವೇ ಹೆಬ್ಬಾಳದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಮುಗಿಸಿ, ಮನೆಗೆ ಬಿಟ್ಟು, ಅವಳು ಆಫೀಸಿಗೆ ಬರುವಾಗ ಮಧ್ಯಾಹ್ನವಾಗುತ್ತದೆ. ಆ ದಿನಗಳಲ್ಲಿ ಸಂಜೆ ಎಲ್ಲರೂ ಹೋದ ಮೇಲೂ ಕೂತು ಕೆಲಸ ಮಾಡುತ್ತಾಳೆ. "ಬೆಳಿಗ್ಗೆ ಬರೋದನ್ನ ನಾನೇ ಹಾಕ್ಬಿಡ್ತೀನಿ. ನಂಗೊಬ್ಬನಿಗೇ ಗೊತ್ತಿರೋದು. ಆ ಇಬ್ರಿಗೆ ಹೇಳ್ಬೇಡಿ," ಎಂದರು.

ಆಮೇಲೆ ಆರ್.ಟಿ. ನಗರದವರು ಬಂದರು. ಅದೇ ಕಥೆ, ಅವರೊಬ್ಬರಿಗೇ ಗೊತ್ತು, ಉಳಿದ ಇಬ್ಬರಿಗೆ ಹೇಳಬಾರದು. ಸಂಜೆ ಪಾರ್ಕಿಂಗಿನಲ್ಲಿ ಯಲಹಂಕದವನು ಬುಲೆಟ್ಟಿನ ಮೇಲೆ ಕೂತಿದ್ದವನು ನನ್ನನ್ನು ನೋಡಿ ಇಳಿದ. "ಗುರು, ಒಂದ್ ಸೀಕ್ರೆಟ್ಟು..." ಎಂದು ಶುರು ಮಾಡಿದ.

"ಗೊತ್ತು, ನಿಂಗೊಬ್ಬನಿಗೇ ಗೊತ್ತಿರೋದು," ಎಂದೆ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಆ ಮೂವರೂ ಒಬ್ಬರಿಗೊಬ್ಬರು ಗೊತ್ತಾಗದಂತೆ, ಆ ಒಂದು ಹೆಸರಿನ ಹಿಂದೆ ನಿಂತುಕೊಂಡು ಅವಳ ಕೆಲಸ ಮಾಡುತ್ತಿದ್ದರು. ಇಷ್ಟು ದಿನ ಹೇಗೋ ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ನೋಡಿ, ಅವಳೇ ಫೋನ್ ಮಾಡಿ ಯಾರ ಕೈಲೋ ತುಂಬಿಸಿದಳೆಂದು ಸುಮ್ಮನಾಗುತ್ತಿದ್ದರಂತೆ. ಆ ಸೋಮವಾರ ಮೂವರೂ ಒಂದೇ ಹೊತ್ತಿಗೆ ತುಂಬಿದ್ದರು.

ನಗು ಮೆಟ್ರೋ ಹತ್ತುವವರೆಗೆ ಮಾತ್ರ ಇತ್ತು. ನಾನು ಈ ಲಾಗಿನ್ ಕೆಲಸ ಮುಗಿಸಿದ ದಿನದಿಂದ ಮಾಲೀಕರ ಪರದೆಯಲ್ಲಿ ನಾಲ್ಕು ಹೆಸರು, ನಾಲ್ಕು ಚುಕ್ಕಿ ಕಾಣುತ್ತವೆ. ವಾರದಲ್ಲಿ ಮೂರು ಬೆಳಿಗ್ಗೆ ಒಂದು ಚುಕ್ಕಿ ಹಸಿರಾಗುವುದಿಲ್ಲ. ಮಾಲೀಕರು ಒಂದು ವಾರ ನೋಡಿ, ಎರಡನೇ ವಾರ ಅವಳ ಕೆಲಸ ತೆಗೆಯುತ್ತಾರೆ. ಅವಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ನಿಯಮ ನಿಯಮವೇ ಎಂದು ನಾನು ಆರಾಮಾಗಿ ಮಲಗುತ್ತಿದ್ದೆನೇನೋ. ಆದರೆ ನನ್ನ ಮಗಳಿಗೆ ಡೆಂಗ್ಯೂ ಬಂದಾಗ ದಿನಾ ಪಪ್ಪಾಯಿ ಎಲೆ ಕಿತ್ತು ತಂದುಕೊಟ್ಟವಳು ಅವಳು. ನಾನು ರೇಗಿದಾಗ "ಆಯ್ತು ಮೇಡಂ, ಮೊದ್ಲು ತಿಂಡಿ ತಿನ್ನಿ" ಎಂದು ಬಾಯಿ ಮುಚ್ಚಿಸುವವಳೂ ಅವಳೇ. ನನಗೆ ಅವಳೆಂದರೆ ಇಷ್ಟ, ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ.

ಆ ಬುಧವಾರ ಬೆಳಿಗ್ಗೆಯೇ ಹೆಬ್ಬಾಳಕ್ಕೆ ಹೋದೆ. ಅವಳಿಗೆ ಎದುರೆದುರೇ ಹೇಳಬೇಕು ಅನ್ನಿಸಿತ್ತು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಸಾಲು ಮಂಚಗಳು, ಪ್ರತಿ ಮಂಚದ ಪಕ್ಕ ಒಂದು ಯಂತ್ರ. ಬಾಗಿಲಲ್ಲಿ ನಿಂತಾಗಲೇ ಜಗಳ ಕೇಳಿಸಿತು. ಸೊಸೆ ನಿನ್ನೆ ಮಾಡಿದ ಸಾರಿಗೆ ಉಪ್ಪೇ ಇರಲಿಲ್ಲ ಎಂದು ಅತ್ತೆ, ಉಪ್ಪು ಹಾಕಿದರೆ ಡಾಕ್ಟರು ನನ್ನನ್ನು ಬೈಯುತ್ತಾರೆ ಎಂದು ಸೊಸೆ. ಪಕ್ಕದ ಮಂಚಗಳವರೆಲ್ಲ ಕಿವಿ ನಿಮಿರಿಸಿ ಕೇಳುತ್ತಿದ್ದರು.

ನನ್ನನ್ನು ಕಂಡು ಕೆಂಪಾಪುರದಾಕೆ ಗಾಬರಿಯಾಗಿ ಎದ್ದಳು. ಅತ್ತೆ ಮಾತ್ರ ಮಲಗಿದಲ್ಲಿಂದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರೇ ಇವ್ಳು?"

"ನಮ್ಮಾಫೀಸ್ ಕಂಪ್ಯೂಟರ್ ಮೇಡಂ, ಅತ್ತೆ."

"ಓ, ಬಾಗ್ಲು ಆಕೋಳಾ! ನಿನ್ ಸುದ್ದಿ ದಿನಾ ಕೇಳ್ತೀನಿ ಕಣವ್ವ. ಬಾ, ಕೂತ್ಕೊ."

ಕೂತೆ. ಹೊಸ ಲಾಗಿನ್ ವಿಷಯ ಹೇಳಿದೆ, ಮಾಲೀಕರ ಪರದೆಯಲ್ಲಿ ಏನು ಕಾಣುತ್ತದೆ ಎಂದೂ ಹೇಳಿದೆ. ಅವಳು ಅತ್ತೆಯ ಹೊದಿಕೆ ಸರಿಮಾಡಿದಳು. ಆಮೇಲೆ ಹೇಳಿದಳು. ಅವರದು ಕೆಂಪಾಪುರ ಹಳ್ಳಿಯಾಗಿದ್ದ ಕಾಲದಿಂದ ಇರುವ ಮನೆತನ. ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. "ಊಟಕ್ಕೇನೂ ಕಮ್ಮಿ ಇಲ್ಲ ಮೇಡಂ. ಆದ್ರೆ ಆ ಮನೇಲಿ ಎಲ್ಲದರ ಮೇಲೂ ಮಾವಂದೋ ಮೈದುನಂದೋ ಹೆಸ್ರಿದೆ. ಈ ಕೆಲ್ಸ ಒಂದೇ ನಂದು ಅಂತಿರೋದು. ಹೋಗಿ ಮಾಲೀಕ್ರ ಮುಂದೆ ನಿಂತು ಅತ್ತೆ ಕಾಯಿಲೆ ಹೇಳ್ಕೊಂಡು ಅಳಲ್ಲ ನಾನು. ಅವ್ರು ಹೋಗು ಅಂದ್ರೆ ಹೋಗ್ತೀನಿ."

ಅವಳದು ಎಂದು ಅವಳು ಹೇಳುತ್ತಿದ್ದ ಆ ಒಂದು ಕೆಲಸದ ಮೇಲೂ ಅವಳ ಹೆಸರಿರಲಿಲ್ಲ, ಅಲ್ಲಿ ಇದ್ದದ್ದು 'ಆರ್ಡರ್'. ಅದು ನನಗೆ ಆಗ ಹೊಳೆಯಿತು.

"ಮನೆಯಲ್ಲಿ ಬೇರೆ ಯಾರೂ ಕರ್ಕೊಂಡು ಬರೋಕಾಗಲ್ವಾ?" ಎಂದೆ.

ಉತ್ತರ ಮಂಚದಿಂದ ಬಂತು. "ಬತ್ತಾರೆ, ಯಾಕ್ ಬರಲ್ಲ? ಆದ್ರೆ ಅವ್ರೆಲ್ಲ ನಾನೇನಂದ್ರೂ 'ಊಂ ಅತ್ತೆ, ಊಂ ಅವ್ವ' ಅಂತಾರೆ. ಇವ್ಳಾದ್ರೆ ಎದುರು ಮಾತಾಡ್ತಾಳೆ. ನಾಕು ಗಂಟೆ ಇಂಗೆ ಸುಮ್ಕೆ ಮಲಗೋಕಾಯ್ತದಾ? ನೀನೇ ಯೋಳು."

ನಾನು ಏಳುವಾಗ ಮುದುಕಿ ನನ್ನ ಕೈ ಹಿಡಿದುಕೊಂಡರು. "ನಂಗೆ ನೀರ್ಗೂ ಲೆಕ್ಕ ಆಕವ್ರೆ ಡಾಕ್ಟ್ರು. ಇಷ್ಟೊತ್ನಲ್ಲಿ ಇಷ್ಟೇ ಕುಡೀಬೇಕು ಅಂತ. ಬೈಕಂಡೇ ಕುಡೀತೀನಿ. ಲೆಕ್ಕ ಆಕಿರೋದ್ರಿಂದ್ಲೇ ಬದುಕಿವ್ನಿ ಅಂತಾಳೆ ಇವ್ಳು," ಎಂದು ಸೊಸೆಯ ಕಡೆ ಗದ್ದ ಎತ್ತಿ ತೋರಿಸಿದರು.

ಹೆಬ್ಬಾಳದಿಂದ ಯಶವಂತಪುರಕ್ಕೆ ಬಸ್ಸಿನಲ್ಲಿ ಬರುವಾಗ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಬಳಿಯೂ ಹೊತ್ತಿಗೆ ಲೆಕ್ಕ ಹಾಕುವ ಒಂದು ಉಪಾಯವಿದೆ. ಪ್ರತಿ ಲಾಗಿನ್ನಿಗೂ ಅದು ಯಾವ ದಿನ, ಯಾವ ಹೊತ್ತಿನಲ್ಲಿ ತೆರೆಯಬೇಕು ಎಂದು ಗೊತ್ತುಮಾಡಬಹುದು. ವಾರದ ಏಳು ದಿನಕ್ಕೆ ಏಳು ಸಾಲು ಚೌಕಗಳು ಪರದೆಯ ಮೇಲೆ ಬರುತ್ತವೆ, ಗಂಟೆಗೊಂದು ಚೌಕ. ನೀಲಿ ಎಂದರೆ ಬಾ, ಬಿಳಿ ಎಂದರೆ ಬರಬೇಡ. ನೀಲಿ ಬಳಿದು ಬಾ ಎನ್ನುವುದು ನನಗೆ ದಿನದ ಕೆಲಸ. ಬಿಳಿ ಇರುವ ಹೊತ್ತಿನಲ್ಲಿ ಬರದಿದ್ದರೆ ತಪ್ಪು ಯಾರದೂ ಅಲ್ಲ ಎನ್ನುವುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಬರಬೇಡ ಎಂದು ಆಫೀಸೇ ಬಾಗಿಲು ಹಾಕಿದ ಮೇಲೆ, ತಡವಾಗಿ ಬಂದೆ ಎಂದು ಬೈಯುವವರು ಯಾರು?

ಅಂದೇ ಮೇಲಿನ ಕೋಣೆಗೆ ಹೋದೆ. ಮಾಲೀಕರಿಗೆ ಬಿಗಿ ಮಾಡುವ ಯಾವ ಮಾತು ಕೇಳಿದರೂ ಮುಖ ಅರಳುತ್ತದೆ.

"ಸರ್, ಹೆಸರು ಕೊಟ್ರೆ ಸಾಲದು. ಯಾವ ಹೆಸರು ಎಷ್ಟೊತ್ತಿಗೆ ಒಳಗೆ ಬರಬೇಕು ಅನ್ನೋದನ್ನೂ ಕಟ್ಟಬೇಕು," ಎಂದೆ.

"ಕಟ್ಟಿ, ಕಟ್ಟಿ," ಎಂದರು.

"ಸಂಜೆ ಅಂಗಡಿಯವರ ಫೋನೆಲ್ಲ ನಿಮಗೇ ಬರ್ತಿದೆ ಅಂತಿದ್ರಲ್ಲ. ಒಬ್ಬರನ್ನ ಮಧ್ಯಾಹ್ನದಿಂದ ರಾತ್ರಿ ಎಂಟರ ತನಕ ಹಾಕೋಣ. ವಾರಕ್ಕೆ ಮೂರು ದಿನ. ಸೋಮವಾರ, ಬುಧವಾರ, ಶುಕ್ರವಾರ."

"ಆ ದಿನ ಬೆಳಿಗ್ಗೆ?"

"ಬೆಳಿಗ್ಗೆ ಬಂದ್ರೂ ಕಂಪ್ಯೂಟರ್ ಒಳಗೆ ಬಿಡಲ್ಲ ಸರ್."

ಅವರು ನನ್ನನ್ನೇ ನೋಡಿದರು. ನಾನು ಅವರ ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿಯೂ ಇರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ.

"ನಮ್ಮಣ್ಣಂಗೆ ಆಸ್ಪತ್ರೆ ಮಂಗಳವಾರ, ಗುರುವಾರ, ಶನಿವಾರ ಇತ್ತು," ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ತಮ್ಮ ಪರದೆಯ ಕಡೆ ತಿರುಗಿದರು. "ಮಾಡಿ. ಎಂಟು ಗಂಟೆಗೆ ಹೆಣ್ಮಗಳು ಒಬ್ಳೇ ಹೋಗೋದು ಬೇಡ, ಗೋಡೌನ್ ಗಾಡಿಲಿ ಮನೆ ತನಕ ಬಿಡಿಸಿ."

ಹೆಣ್ಣುಮಗಳು ಎಂದು ನಾನು ಹೇಳಿಯೇ ಇರಲಿಲ್ಲ.

ಹೊಸ ಲಾಗಿನ್ನುಗಳು ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಅವಳನ್ನು ನನ್ನ ಮೇಜಿಗೆ ಕರೆದು ಆ ಚೌಕಗಳನ್ನು ತೋರಿಸಿದೆ. ಅವಳು ಪರದೆಗೆ ಮುಖ ಹತ್ತಿರ ತಂದು ನೋಡಿದಳು, ನೋಡಿ ಹಿಂದೆ ಸರಿದಳು.

"ಇದೇನ್ ಮೇಡಂ, ಎಲ್ರುದೂ ನೀಲಿ, ನಂದೊಬ್ಳದು ಬಿಳಿ? ಬೆಳಿಗ್ಗೆ ನಾನು ಬಂದ್ರೆ ಬಾಗ್ಲು ಹಾಕ್ತೀರಾ? ನಾನೇನ್ ಕಳ್ಳೀನಾ?" ಎಂದು ಗಂಟಲೇರಿಸಿದಳು.

"ಬಾಯ್ಮುಚ್ಚಿ ಪೂರ್ತಿ ನೋಡು," ಎಂದು ನಾನೂ ಗಂಟಲೇರಿಸಿದೆ. "ಬಿಳಿ ಯಾವ್ಯಾವ ದಿನ ಇದೆ ನೋಡು. ಆ ಹೊತ್ತಲ್ಲಿ ನೀನು ಬರೋ ಹಾಗೇ ಇಲ್ಲ. ಬರಬೇಡ ಅಂದವಳು ನಾನು, ಹೂಂ ಅಂದಿದ್ದು ಮೇಲಿನವರು. ಎಲ್ಲಿಗಾದ್ರೂ ಹೋಗು, ಯಾರ ಜೊತೆಗಾದ್ರೂ ಜಗಳ ಆಡು."

ಅವಳು ಸಾಲಿನ ಮೇಲೆ ಬೆರಳಿಟ್ಟು ಸೋಮವಾರ, ಬುಧವಾರ, ಶುಕ್ರವಾರ ಎಂದು ಮೆಲ್ಲಗೆ ಓದಿಕೊಂಡಳು. ಆಮೇಲೆ ಸೆರಗಿನಿಂದ ನನ್ನ ಪರದೆಯ ಧೂಳು ಒರೆಸಿದಳು. ಒರೆಸುವಷ್ಟು ಧೂಳೇನೂ ಅಲ್ಲಿರಲಿಲ್ಲ.

"ಇಷ್ಟು ದಿನ ಕದ್ದು ಹೋಗ್ತಿದ್ದೆ ಮೇಡಂ," ಎಂದಳು. "ಇನ್ಮೇಲೆ ಹೇಳ್ಕೊಂಡು ಹೋಗ್ತೀನಿ."

ಒಳ್ಳೆಯ ದಿನಗಳು ಅವು. ನಾಗಸಂದ್ರದವರ ಸೋಮವಾರದ ಆರ್ಡರನ್ನು ಅವಳೇ ಮಧ್ಯಾಹ್ನ ಬಂದು ತುಂಬುವುದು ಎಂದಾಯಿತು. ಸಂಜೆ ಅವಳು ಅಂಗಡಿಯವರೊಂದಿಗೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಾ ಆರ್ಡರ್ ಬರೆದುಕೊಳ್ಳುತ್ತಿದ್ದಳು. ಮಾಲೀಕರ ಪರದೆಯಲ್ಲಿ ಅವಳ ಹೆಸರು ರಾತ್ರಿಯವರೆಗೂ ಹಸಿರಾಗಿರುತ್ತಿತ್ತು. ಪುಳಿಯೋಗರೆ, ಬಾದಾಮಿ ಪೂರಿಗಳ ಕಾಲ ಮುಗಿಯಿತೆಂದು ಯಲಹಂಕದವನಿಗೆ ಮಾತ್ರ ಬೇಜಾರು. ಈಗ ನಾಲ್ವರಿಗೂ ಬೇರೆ ಬೇರೆ ಪಾಸ್‌ವರ್ಡ್, ನಾಲ್ಕೂ ತಿಂಡಿಯ ಹೆಸರೇ ಇರಬೇಕೆಂದು ನನಗೆ ಗುಮಾನಿಯಿತ್ತು. ಕೇಳಲು ಹೋಗಲಿಲ್ಲ.

ಅವರೆಕಾಯಿಯ ಕಾಲದಲ್ಲಿ ಒಂದು ದೊಡ್ಡ ಡಬ್ಬಿ ನನ್ನ ಮೇಜಿಗೆ ಬಂತು, ಅದರ ತುಂಬ ಹಿದುಕಿದ ಅವರೆಬೇಳೆ. ಅತ್ತೆ ಕಳಿಸಿದ್ದು. ಅವರಿಗೆ ಅದನ್ನು ತಿನ್ನುವ ಹಾಗಿಲ್ಲ, ಡಾಕ್ಟರು ಅದನ್ನೂ ತಡೆದಿದ್ದರು. "ತಿನ್ನಂಗಿಲ್ಲ ಅಂದ್ರೆ ಇದುಕಂಗೂ ಇಲ್ವಾ?" ಎಂದು ಹಟ ಹಿಡಿದು ಎರಡು ದಿನ ಕೂತು ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಿದರಂತೆ. 'ಬಾಗ್ಲು ಆಕೋಳ್ಗೆ ಕೊಡು' ಎಂದು ಹೇಳಿ ಕಳಿಸಿದ್ದರು. ಆ ರಾತ್ರಿ ನಮ್ಮ ಮನೆಯಲ್ಲಿ ಅದರ ಸಾರು ಮಾಡಿ, ಮುದ್ದೆ ಜೊತೆ ತಿಂದೆವು. ಅಷ್ಟು ರುಚಿಯಾದದ್ದನ್ನು ನಾನು ಈಚೆಗೆ ತಿಂದಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಅತ್ತೆ ಹೋಗಿಬಿಟ್ಟರು. ಭಾನುವಾರ ಮಧ್ಯಾಹ್ನ, ಮನೆಯಲ್ಲೇ, ಯಾವುದೋ ಮಾತಿಗೆ ಸೊಸೆಯನ್ನು ಬೈಯುತ್ತಾ ಮಲಗಿದವರು ಏಳಲಿಲ್ಲವಂತೆ. ನಾವೆಲ್ಲ ಕೆಂಪಾಪುರಕ್ಕೆ ಹೋದೆವು. ಓಣಿಗೆ ಶಾಮಿಯಾನ ಹಾಕಿತ್ತು, ಬಾಡಿಗೆಯವರು ತಮ್ಮ ತಮ್ಮ ಮನೆಯ ಕುರ್ಚಿ ತಂದು ಹಾಕುತ್ತಿದ್ದರು. ಮಾಲೀಕರೂ ಬಂದು ಒಂದು ಮೂಲೆಯಲ್ಲಿ ಕೂತಿದ್ದರು. ಅವಳು ನನ್ನನ್ನು ತಬ್ಬಿಕೊಂಡು, "ಇನ್ಮೇಲೆ ಯಾರ್ ಹತ್ರ ಜಗಳ ಆಡ್ಲಿ ಮೇಡಂ?" ಎಂದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹೇಳುತ್ತಾರೆ. ಆ ಇಬ್ಬರಿಗೆ ಇದ್ದದ್ದು ಒಂದೇ ಕಾಲ, ಅದು ಇಬ್ಬರಿಗೂ ಒಟ್ಟಿಗೇ ಮುಗಿದಿತ್ತು. ನಾನೂ ಜೋರಾಗಿ ಅತ್ತುಬಿಟ್ಟೆ, ನನಗೆ ನಾಚಿಕೆಯೇನೂ ಆಗಲಿಲ್ಲ.

ಮರುದಿನ ಆಫೀಸಿನಲ್ಲಿ ಅವಳ ಚೌಕಗಳನ್ನು ತೆರೆದೆ. ಆ ಮೂರು ಬೆಳಗುಗಳನ್ನು ಬಿಳಿ ಇಡಲು ಇನ್ನು ಕಾರಣವಿರಲಿಲ್ಲ. ದಿನಕ್ಕೆ ಎಷ್ಟೋ ಬಾಗಿಲು ತೆಗೆದು ಹಾಕುವವಳು ನಾನು. ಮೌಸಿನ ಮೇಲೆ ಕೈಯಿಟ್ಟು ಕೂತೆ, ನೀಲಿ ಮಾಡಲು ಮನಸ್ಸು ಬರಲಿಲ್ಲ. ಅವಳು ತಿಥಿ ಮುಗಿಸಿ ಬರಲಿ, ಆಮೇಲೆ ಮಾಡೋಣ ಎಂದು ಮುಚ್ಚಿಟ್ಟೆ.

ಅವಳು ಬಂದದ್ದು ಒಂದು ಸೋಮವಾರ. ಮಧ್ಯಾಹ್ನ ಬರುತ್ತಾಳೆಂದು ನಾವು ಅಂದುಕೊಂಡಿದ್ದೆವು. ಬೆಳಿಗ್ಗೆ ನಾನು ಬ್ಯಾಗ್ ಇಡುವಷ್ಟರಲ್ಲೇ ನನ್ನ ಪರದೆಯಲ್ಲಿ ಒಂದು ಕೆಂಪು ಸಾಲು ಬಂತು. ಯಾರೋ ಬರಬಾರದ ಹೊತ್ತಿನಲ್ಲಿ ಲಾಗಿನ್ ಆಗಲು ನೋಡಿ, ಕಂಪ್ಯೂಟರು ಬಿಡಲಿಲ್ಲ ಎಂದು ಅರ್ಥ. ಅಲ್ಲಿ ಅವಳ ಹೆಸರಿತ್ತು.

ಓಡಿದೆ. ಅವಳು ತನ್ನ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದಳು. 'ಈ ವೇಳೆಯಲ್ಲಿ ನಿಮಗೆ ಪ್ರವೇಶವಿಲ್ಲ, ಆಮೇಲೆ ಪ್ರಯತ್ನಿಸಿ' ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

"ಕತ್ಲಲ್ಲೇ ಎದ್ಬಿಟ್ಟೆ ಮೇಡಂ," ಎಂದಳು. "ಸ್ನಾನ ಮಾಡಿ, ಸೀರೆ ಉಟ್ಕೊಂಡು, ಅತ್ತೆ ಚಪ್ಲಿ ತಗೊಂಡು ಬಾಗ್ಲ ಹತ್ರ ಇಟ್ಟೆ. ಇಟ್ಟಾದ್ಮೇಲೆ ನೆನಪಾಯ್ತು. ಆಮೇಲೆ ಮನೇಲಿ ಕೂರಕ್ಕಾಗ್ಲಿಲ್ಲ."

"ನಂದೇ ತಪ್ಪು, ಈಗ್ಲೇ ತೆಗೀತೀನಿ. ಒಂದು ನಿಮಿಷ," ಎಂದೆ.

"ಬೇಡ ಮೇಡಂ." ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಇವತ್ತೊಂದಿನ ಹಿಂಗೇ ಇರ್ಲಿ. ಅತ್ತೆ ಇಲ್ಲ ಅಂತ ಇದಕ್ಕಿನ್ನೂ ಗೊತ್ತಾಗಿಲ್ಲ."

ನಾನು ಹೋಗಿ ಕಾಫಿ ತಂದೆ. ಮಧ್ಯಾಹ್ನದವರೆಗೆ ಅವಳು ಹಾಗೇ ಕೂತಿದ್ದಳು. ನಡುನಡುವೆ ಅತ್ತೆಯ ಒಂದೊಂದು ಮಾತು ಹೇಳಿದಳು, ಒಮ್ಮೆ ಅತ್ತಳು, ಒಮ್ಮೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದವರನ್ನು ಅತ್ತೆ ಬೈದದ್ದನ್ನು ಹೇಳಿ ನಕ್ಕಳು. ಉಳಿದ ಮೂವರೂ ತಲೆ ತಗ್ಗಿಸಿ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದರು.

ಹನ್ನೆರಡಾಯಿತು. ಅವಳು ಮುಖ ತೊಳೆದು ಬಂದು ಪಾಸ್‌ವರ್ಡ್ ಒತ್ತಿದಳು. ಈ ಸಲ ತೆರೆಯಿತು. ಅವಳ ಹೆಸರಿಗೆ ಸ್ವಾಗತ ಎಂದಿತು. ಸೋಮವಾರವಲ್ಲವೇ, ಮೊದಲು ನಾಗಸಂದ್ರದ ಆರ್ಡರ್ ತುಂಬೋಣ ಎಂದು ಆ ಅಂಗಡಿಯ ಪುಟ ತೆಗೆದಳು. ತೆಗೆದವಳು ನನ್ನ ತೋಳು ಜಗ್ಗಿದಳು.

ಆರ್ಡರ್ ಆಗಲೇ ತುಂಬಿತ್ತು. ಅದರ ಕೆಳಗೆ ಅದೇ ಆರ್ಡರ್ ಇನ್ನೊಮ್ಮೆ, ಅದರ ಕೆಳಗೆ ಮತ್ತೊಮ್ಮೆ. ಒಂದರ ಪಕ್ಕ ಹಿರಿಯರ ಹೆಸರು, ಒಂದರ ಪಕ್ಕ ಆರ್.ಟಿ. ನಗರದವರ ಹೆಸರು, ಒಂದರ ಪಕ್ಕ ಯಲಹಂಕದವನ ಹೆಸರು. ನಾನು ತಲೆಯೆತ್ತಿ ನೋಡಿದೆ. ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದರು.

ಅಭ್ಯಾಸಬಲ, ನನ್ನ ಬಾಯಿಗೆ ಬಂದದ್ದು ನಿಯಮವೇ. "ಎರಡನ್ನ ಕ್ಯಾನ್ಸಲ್ ಮಾಡ್ಬೇಕು, ಲಾರಿ ಹೊರಡೋದ್ರೊಳಗೆ," ಎಂದೆ.

"ಮಾಡ್ತೀನಿ ಮೇಡಂ," ಎಂದಳು, ಕಣ್ಣು ಒರೆಸಿಕೊಳ್ಳುತ್ತಾ. "ಸ್ವಲ್ಪ ಹೊತ್ತು ಇರ್ಲಿ. ಹೆಸ್ರು ನೋಡ್ತೀನಿ."

ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತು, ನಾನೂ ನೋಡಿದೆ.